ಮೂರು ಓಕೆ, ಒಂದು ಗುಡುಗು

ನಿವೃತ್ತಿಯ ದಿನ ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಅರ್ಧ ಗಂಟೆಯ ಸುಳ್ಳು ಸಿಕ್ಕಿತು. ಸುಳ್ಳು ಹೇಳಿದವರು ಅಂದಿನ ಮೇಲಧಿಕಾರಿಗಳು. "ನಮ್ಮ ಶೆಟ್ಟರು ಇಷ್ಟು ವರ್ಷಗಳ ಸೇವೆಯಲ್ಲಿ ಒಂದೇ ಒಂದು ದೂರನ್ನು ಬಾಕಿ ಇಟ್ಟವರಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಶಾಲಿನೊಳಗೆ ಬೆವರಿದೆ. ದೂರು ಬಾಕಿ ಇಡದಿರುವ ವಿದ್ಯೆ ಎಂಥದೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಪುಸ್ತಕದಲ್ಲಿ ‘ಓಕೆ’ ಎಂದು ಬರೆದರೆ ಆಯಿತು, ಬಾಕಿ ತನ್ನಷ್ಟಕ್ಕೆ ಮಾಯ.

ಈಗ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿಕೊಂಡು ಈ ಟೆಲಿಫೋನ್, ಇಂಟರ್‌ನೆಟ್ಟಿನ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ಕಥೆ ಬೇಡ. ಅವು ಕೂದಲು ನರೆತ ಹಾಗೆ ನನ್ನ ಪ್ರಯತ್ನವಿಲ್ಲದೆ ಬಂದವು. ಹೇಳುವುದಿದ್ದರೆ ನಮ್ಮ ದಡ್ಡತನವನ್ನೇ ಹೇಳಬೇಕು, ಅದಕ್ಕೆ ನಮ್ಮಲ್ಲಿ ಎಂದೂ ಬರ ಬಂದದ್ದಿಲ್ಲ. ಇನ್ನು, ಇಲ್ಲಿ ಬರುವ ಜನರೊಡನೆ ನಾನು ಮಾತಾಡಿದ್ದೆಲ್ಲ ಹೆಚ್ಚಾಗಿ ತುಳುವಿನಲ್ಲಿ. ಕಾಗದಕ್ಕೆ ಇಳಿಸುವಾಗ ಕನ್ನಡ ಮಾಡಿದ್ದೇನೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಬೆಳ್ತಂಗಡಿಯಲ್ಲಿ ಲೈನ್‌ಮನ್ ಆಗಿ ಸೇರಿದೆ. ನನಗೆ ಕೆಲಸ ಕಲಿಸಿದವರು ಬಾಬಣ್ಣ ಎಂಬ ಹಿರಿಯ ಲೈನ್‌ಮನ್. ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಬಾಯಿ ತುಂಬ ಎಲೆಯಡಿಕೆ. ಅವರದು ಒಂದೇ ನಿಯಮ. ಕಂಬದ ಮೇಲೆ ವಯರ್ ಜೋಡಿಸಿ ಇಳಿದು ಬಂದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಚಂದಾದಾರನ ಮನೆಗೆ ನಡೆದು ಹೋಗಬೇಕು, ಅಲ್ಲಿಗೆ ಹೊರಗಿನಿಂದ ರಿಂಗ್ ಕೊಡಿಸಬೇಕು, ರಿಂಗ್ ಕೊಟ್ಟವನನ್ನು ಯಾರ ಮನೆಗೆ ಕೊಟ್ಟದ್ದೆಂದು ಕೇಳಬೇಕು.

"ಈ ಕಡೆ ಸರಿ ಉಂಟು ಅಂತ ನೀನು ಹೇಳಿದ್ರೆ ಆಗುದಿಲ್ಲ ಮಾರಾಯ" ಎನ್ನುತ್ತಿದ್ದರು. "ಆ ಕಡೆಯವ ಹೇಳ್ಬೇಕು."

ನನಗೆ ಆಗ ಇಪ್ಪತ್ತರ ಮೇಲೆ ನಾಲ್ಕು. ಐಟಿಐ ಪಾಸಾದ ಗರ್ವ ಬೇರೆ. ಒಂದು ಮಧ್ಯಾಹ್ನ ಎರಡು ಲೈನು ಜೋಡಿಸಿ, ಹಸಿವಾಗಿದೆ ಎಂದು, ರಿಂಗ್ ಕೊಡಿಸದೆ ಇಳಿದು ಬಂದೆ. ಪುಸ್ತಕದಲ್ಲಿ ಓಕೆ ಬರೆದೆ. ಒಂದು ಲೈನು ಪೇಟೆಯ ಡಾಕ್ಟರದ್ದು, ಇನ್ನೊಂದು ಕೋಳಿ ಅಂಗಡಿಯದ್ದು. ಅದಲು ಬದಲಾಗಿತ್ತು. ಎರಡು ದಿನ ಡಾಕ್ಟರರಿಗೆ "ಎರಡು ಕೆಜಿ, ಚರ್ಮ ತೆಗೆದು" ಎಂದು ಫೋನು. ಕೋಳಿ ಅಂಗಡಿಯ ಪುಣ್ಯಾತ್ಮ ಮೂರು ಜ್ವರಕ್ಕೂ ಒಂದು ವಾಂತಿಗೂ ಮದ್ದು ಹೇಳಿದ್ದ. ಯಾರೂ ಸಾಯಲಿಲ್ಲ ಎಂಬುದು ನನ್ನ ಅದೃಷ್ಟ. ಬಾಬಣ್ಣ ಬೈಯಲಿಲ್ಲ. ನನ್ನ ಅಂಗಿಯ ತೋಳು ಹಿಡಿದು ಎರಡೂ ಕಡೆಗೆ ಕರೆದುಕೊಂಡು ಹೋಗಿ, "ಇವನೇ ಓಕೆ ಬರೆದದ್ದು" ಎಂದು ತೋರಿಸಿದರು. ಡಾಕ್ಟರು ನಕ್ಕರು. ಕೋಳಿ ಅಂಗಡಿಯವ ನಗಲಿಲ್ಲ, ಅವನಿಗೆ ಎರಡು ದಿನದ ವ್ಯಾಪಾರ ಹೋಗಿತ್ತು.

ಈ ಪಾಠವನ್ನು ನಾನು ಸುಮಾರು ಹದಿನೈದು ವರ್ಷ ನೆನಪಿಟ್ಟುಕೊಂಡೆ. ಆಮೇಲೆ ಕಂಪ್ಯೂಟರ್ ಬಂತು.

ಬ್ರಾಡ್‌ಬ್ಯಾಂಡ್ ಬಂದಾಗ ನಾನು ಮೂಡಬಿದಿರೆಯಲ್ಲಿದ್ದೆ. ನಮಗೆ ಮೂರು ದಿನದ ತರಬೇತಿ ಕೊಟ್ಟರು. ಮೊದಲ ದಿನ ಉದ್ಘಾಟನೆ, ಕೊನೆಯ ದಿನ ಸಮಾರೋಪ, ನಡುವಿನ ದಿನ ಕರೆಂಟಿರಲಿಲ್ಲ. ಇಷ್ಟು ಕಲಿತವರು ನಾವು ಊರಿಗೆಲ್ಲ ಇಂಟರ್‌ನೆಟ್ ಹಂಚಿದೆವು. ಜನರೂ ನಮಗೆ ತಕ್ಕವರೇ. ಅಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ವೈರ್‌ಲೆಸ್ ಮಾಡೆಮನ್ನು ಬೆಲೆಬಾಳುವ ವಸ್ತುವೆಂದು ಕಬ್ಬಿಣದ ಕಪಾಟಿನೊಳಗೆ ಇಟ್ಟು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರು. ಆಮೇಲೆ ಮೇಲಿನ ಕೋಣೆಗೆ ಇಂಟರ್‌ನೆಟ್ ಬರುವುದಿಲ್ಲವೆಂದು ಇಲಾಖೆಗೆ ಇಂಗ್ಲಿಷಿನಲ್ಲಿ ಎರಡು ಪುಟದ ಪತ್ರ ಬರೆದರು. ಕಪಾಟಿನ ಬಾಗಿಲು ತೆರೆದಿಡಿ ಎಂದದ್ದಕ್ಕೆ, "ಕಳವಾದರೆ ನಿಮ್ಮ ಇಲಾಖೆ ಹೊಣೆಯೋ?" ಎಂದು ಕೇಳಿದರು. ಅದಕ್ಕೂ ಲಿಖಿತ ಉತ್ತರ ಬೇಕಂತೆ.

ಅಲ್ಲಿಂದ ನನ್ನನ್ನು ಬಂಟ್ವಾಳಕ್ಕೆ ಹಾಕಿದರು. ಬಂಟ್ವಾಳದಲ್ಲಿ ಆಗ ಇದ್ದ ನಮ್ಮ ಸಾಹೇಬರು ಘಟ್ಟದ ಮೇಲಿನವರು. ಒಳ್ಳೆಯ ಇಸ್ತ್ರಿಯ ಅಂಗಿ, ಕೆಟ್ಟ ತಿಳಿವಳಿಕೆ. ಅವರ ಮೇಜಿನ ಹಿಂದೆ ಒಂದು ಬಿಳಿ ಬೋರ್ಡು, ಅದರ ಮೇಲೆ ಪ್ರತಿದಿನ ಸಂಜೆ ಐದು ಗಂಟೆಗೆ ‘ಪೆಂಡಿಂಗ್’ ಎಂಬ ಪದದ ಎದುರು ಸೊನ್ನೆ ಬೀಳಬೇಕು. ಸೊನ್ನೆ ಬೀಳದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಏನ್ರೀ ಶೆಟ್ರೇ, ಎಷ್ಟಿದೆ ಇವತ್ತು?"

"ಮೂರು ಉಂಟು ಸಾರ್. ದೋಷ ಎಂಥದ್ದು ಅಂತ ಗೊತ್ತಾಗ್ಲಿಲ್ಲ."

"ಗೊತ್ತಾಗೋದು ಆಮೇಲೆ. ಮೊದ್ಲು ಕ್ಲೋಸ್ ಮಾಡಿ. ಮತ್ತೆ ಕಂಪ್ಲೇಂಟ್ ಬಂದ್ರೆ ಅದು ಹೊಸ ಕಂಪ್ಲೇಂಟು."

ಅವರಲ್ಲಿ ಎಲ್ಲ ರೋಗಕ್ಕೂ ಎರಡೇ ಮದ್ದು. ಒಂದು, ಮಾಡೆಮ್ ಬದಲಿಸಿ. ಎರಡು, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಹೇಳಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಸಾಹೇಬರನ್ನು ಬೈಯುವುದು ಸುಲಭ, ನಾನೂ ಧಾರಾಳವಾಗಿ ಬೈಯುತ್ತಿದ್ದೆ. ಬೈದುಕೊಂಡೇ ಓಕೆ ಬರೆಯುತ್ತಿದ್ದೆ.

ಈಗ ಹಂಝನ ಕಥೆಗೆ ಬರುತ್ತೇನೆ.

ಹಂಝ ಬಂಟ್ವಾಳದ ಹತ್ತಿರದ ಕಲ್ಲಡ್ಕದವನು. ಕೊಲ್ಲಿಯಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಸೊಂಟದ ಕೆಳಗೆ ಬಲವಿಲ್ಲ. ಊರಿಗೆ ಬಂದು ಮಲಗಿದವನು ಮಂಚದ ಮೇಲೆಯೇ ಕಂಪ್ಯೂಟರಿನಲ್ಲಿ ಕಟ್ಟಡದ ನಕ್ಷೆ ಬಿಡಿಸುವುದನ್ನು ಕಲಿತ. ಹಳೆಯ ಕಂಪನಿಯ ಎಂಜಿನಿಯರ್, ಮ್ಯಾಥ್ಯೂ ಎಂಬ ಮಲಯಾಳಿ, ನಕ್ಷೆಯ ಕೆಲಸ ಕೊಡಲು ಒಪ್ಪಿದ. ಹಂಝನ ಬದುಕು ನಿಂತದ್ದು ಆ ಒಂದು ಒಪ್ಪಿಗೆಯ ಮೇಲೆ.

ನಕ್ಷೆಗಳು ದೊಡ್ಡ ಫೈಲುಗಳು. ಆಗಿನ ಇ-ಮೇಲಿನಲ್ಲಿ ಹೋಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ತಿದ್ದುಪಡಿ ಹೋಗಿ ಬರಬೇಕು. ಅದಕ್ಕೆ ಹಂಝ ತನ್ನ ಮಂಚದ ಪಕ್ಕದ ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡಿದ್ದ. ಎಂದರೆ, ಮ್ಯಾಥ್ಯೂ ಅಲ್ಲಿಂದ ಇವನ ಮನೆಯ ಕಂಪ್ಯೂಟರಿನ ಬಾಗಿಲು ತಟ್ಟಿ, ಪಾಸ್‌ವರ್ಡ್ ಕೊಟ್ಟು, ನೇರವಾಗಿ ಫೈಲು ಎತ್ತಿಕೊಳ್ಳುವುದು. ನಡುವೆ ನಮ್ಮ ಮಾಡೆಮ್ ಇದೆಯಲ್ಲ, ಅದು ಮನೆಯ ಕಾವಲುಗಾರ. ಹೊರಗಿನವರು ಬಂದರೆ ಯಾವ ಕಂಪ್ಯೂಟರಿಗೆ ಕಳಿಸಬೇಕೆಂದು ಅದಕ್ಕೆ ಮೊದಲೇ ಹೇಳಿಡಬೇಕು. ಹೊರಗಿನ ವಿಳಾಸ ಬದಲಾದರೂ ಮ್ಯಾಥ್ಯೂಗೆ ತಿಳಿಯುವ ವ್ಯವಸ್ಥೆಯನ್ನು ಕೂಡ ಹಂಝ ಮಾಡಿಕೊಂಡಿದ್ದ. ಇದನ್ನೆಲ್ಲ ಆ ಹುಡುಗ ಓದಿ ಕಲಿತದ್ದು. ಮೂರು ದಿನದ ತರಬೇತಿಯಾದ ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ.

ಕನೆಕ್ಷನ್ ಕೊಡಲು ಹೋದ ದಿನ ನಾನು ಅವನ ತಾಯಿ ಆಯಿಶಕ್ಕನಿಗೆ ಒಂದು ಭಾಷಣ ಮಾಡಿದ್ದೆ. ಹಿಂದಿನ ಬೇಸಿಗೆಯಲ್ಲಿ ಸಿಡಿಲಿಗೆ ಮಾಡೆಮುಗಳು ಸಾಲಾಗಿ ಸುಟ್ಟುಹೋಗಿದ್ದವು. ಸಾಹೇಬರು ನಮ್ಮ ಮಂಡೆ ತಿಂದಿದ್ದರು.

"ನೋಡಿ ಆಯಿಶಕ್ಕ, ಒಂದು ಗುಡುಗು ಕೇಳಿದ್ರೆ ಸಾಕು. ಕರೆಂಟಿನದ್ದು, ಫೋನಿನದ್ದು, ಕಂಪ್ಯೂಟರಿಂದು, ಎಲ್ಲ ವಯರ್ ಎಳೆದು ಬಿಡಿ. ಗುಡುಗು ನಿಂತ ಮೇಲೆ ಸಿಕ್ಕಿಸಿ."

"ಆಯ್ತು ಶೆಟ್ರೇ" ಎಂದರು. ನಾನು ಚಾ ಕುಡಿದು ಬಂದೆ, ಹೇಳಿದ್ದನ್ನು ಮರೆತೆ.

ಮೊದಲ ದೂರು ಬಂತು. ಮ್ಯಾಥ್ಯೂಗೆ ಒಳಗೆ ಬರಲು ಆಗುತ್ತದೆ, ಆದರೆ ಫೈಲುಗಳ ಪಟ್ಟಿ ಕಾಣುವುದಿಲ್ಲ. ನಾನು ಹೋದೆ. ಚಾವಡಿಯಲ್ಲಿ ಮಾಡೆಮಿನ ಪಕ್ಕ ಹಂಝನ ತಂಗಿಯ ಕಂಪ್ಯೂಟರ್ ಇತ್ತು. ಅದರಿಂದ ಹಂಝನ ಸರ್ವರ್ ತೆರೆದು ನೋಡಿದೆ. ಫೈಲುಗಳು ಸಾಲಾಗಿ ಬಂದವು.

"ಬರ್ತದಲ್ಲ!" ಎಂದೆ.

"ಮನೆ ಒಳಗಿಂದ ಬರ್ತದೆ ಸಾರ್" ಎಂದ ಹಂಝ ಒಳಕೋಣೆಯಿಂದ. "ಹೊರಗಿಂದ ಬರುದಿಲ್ಲ. ಹೊರಗಿಂದ ನೋಡ್ಬೇಕು."

"ಲೈನ್ ಸರಿ ಉಂಟು. ದೋಷ ಇದ್ರೆ ನಿಮ್ಮ ಕಂಪ್ಯೂಟರಿಂದು" ಎಂದು ಹಳದಿ ಚೀಟಿ ಹರಿದು ಕೊಟ್ಟೆ. ‘ಲೈನ್ ಪರೀಕ್ಷಿಸಲಾಗಿದೆ, ಓಕೆ.’ ದೂರು ಮುಗಿದದ್ದಕ್ಕೆ ಚಂದಾದಾರನಿಗೆ ಕೊಡುವ ಚೀಟಿ ಅದು. ಹಂಝ ಒಂದು ವಾರ ಓದಿ ತಾನೇ ದೋಷ ಹುಡುಕಿದ. ಇಂಥ ಸರ್ವರಿಗೆ ಮಾತಾಡಲು ಒಂದು ಬಾಗಿಲು, ಸಾಮಾನು ಸಾಗಿಸಲು ಬೇರೆ ಬಾಗಿಲು. ಮಾಡೆಮಿನಲ್ಲಿ ಮೊದಲನೆಯದನ್ನು ಮಾತ್ರ ತೆರೆದಿಟ್ಟಿದ್ದ. ಎರಡನೆಯದನ್ನೂ ತೆರೆದ, ಸರಿಯಾಯಿತು. ದೋಷ ಅವನದೇ ಎಂದು ನಾನು ಆಫೀಸಿನಲ್ಲಿ ಎರಡು ದಿನ ಮೀಸೆ ತಿರುವಿದೆ. ಅದೇನೆಂದು ಕೇಳಿದ್ದರೆ ಹೇಳಲು ನನಗೆ ಬರುತ್ತಿರಲಿಲ್ಲ.

ಏಪ್ರಿಲ್ ಕಳೆಯುವ ಹೊತ್ತಿಗೆ ಎರಡನೇ ದೂರು. ಈ ಸಲ ಮ್ಯಾಥ್ಯೂಗೆ ಬಾಗಿಲೇ ತೆರೆಯುವುದಿಲ್ಲ. ಎರಡು ದಿನ ತೆರೆಯುತ್ತದೆ, ಮೂರನೇ ದಿನ ಇಲ್ಲ. ನಾನು ಕಲ್ಲಡ್ಕಕ್ಕೆ ಹೋಗಲೂ ಇಲ್ಲ. ಎಕ್ಸ್‌ಚೇಂಜಿನಲ್ಲಿ ಕೂತು ಪರದೆಯಲ್ಲಿ ನೋಡಿದೆ, ಲೈನು ಹಸಿರು. ಓಕೆ. ಚೀಟಿಯನ್ನು ಆ ಕಡೆ ಹೋಗುವ ಲೈನ್‌ಮನ್ನಿನ ಕೈಯಲ್ಲಿ ಕಳಿಸಿದೆ. ಮೂರನೇ ದೂರಿಗೆ ಸಾಹೇಬರು ತಮ್ಮ ಒಂದನೇ ಮದ್ದು ಬರೆದರು. ಮಾಡೆಮ್ ಬದಲಾಯಿತು. ಹಂಝ ಮಂಚದಲ್ಲಿ ಮಲಗಿಕೊಂಡೇ ಹೊಸ ಮಾಡೆಮಿಗೆ ಎಲ್ಲವನ್ನೂ ಮತ್ತೆ ಹೇಳಿಕೊಟ್ಟ. ಎರಡು ದಿನ ಸರಿ ಇತ್ತು. ಮೂರನೇ ಓಕೆ.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಹಂಝನ ಫೋನು ಬಂತು. ನಾನು ಅಭ್ಯಾಸದಂತೆ ದೂರಿನ ಪುಸ್ತಕ ಎಳೆದುಕೊಂಡೆ.

"ಕಂಪ್ಲೇಂಟ್ ಕೊಡ್ಲಿಕ್ಕೆ ಮಾಡಿದ್ದಲ್ಲ ಸಾರ್" ಎಂದ. ಧ್ವನಿ ಏರಿಸಲಿಲ್ಲ. "ಇನ್ನು ಓಕೆ ಬರಿಬೇಡಿ ಅಂತ ಹೇಳ್ಲಿಕ್ಕೆ ಮಾಡಿದ್ದು."

ವಿಷಯ ಇಷ್ಟು. ನಕ್ಷೆ ಸಿಗುತ್ತಿಲ್ಲವೆಂದು ಮ್ಯಾಥ್ಯೂ ಸಿಟ್ಟಾದಾಗ, ತಾನು ಸುಮ್ಮನೆ ಕೂತಿಲ್ಲ, ದೂರು ಕೊಟ್ಟಿದ್ದೇನೆ ಎಂದು ತೋರಿಸಲು ಹಂಝ ನಮ್ಮ ಮೂರು ಹಳದಿ ಚೀಟಿಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ್ದ. ಮ್ಯಾಥ್ಯೂ ಬುದ್ಧಿವಂತ, ಓದಿದ. ಇಲಾಖೆಯವರು ಮೂರು ಸಲ ಪರೀಕ್ಷೆ ಮಾಡಿ ಸರಿ ಇದೆ ಎನ್ನುತ್ತಾರೆ, ಹಾಗಾದರೆ ನೀನು ಕೆಲಸ ಮಾಡದೆ ನೆಪ ಹೇಳುತ್ತಿದ್ದೀಯ ಎಂದು ಬರೆದ. ಗುರುವಾರ ಸಂಜೆ ಆಫೀಸು ಮುಚ್ಚುವುದರೊಳಗೆ ಐದು ಮಹಡಿಯ ನಕ್ಷೆ ಕೈಗೆ ಸಿಗದಿದ್ದರೆ ಇನ್ನು ಮುಂದೆ ಕೆಲಸ ಕೊಚ್ಚಿಯವರಿಗೆ. ನಕ್ಷೆ ಸಿದ್ಧವಿತ್ತು, ಹಂಝನ ಕಂಪ್ಯೂಟರಿನಲ್ಲೇ ಇತ್ತು. ಮ್ಯಾಥ್ಯೂ ಬಾಗಿಲು ತಟ್ಟುವುದನ್ನೇ ಬಿಟ್ಟಿದ್ದ.

ಆ ಹುಡುಗನ ಮೇಲೆ ಸಾಕ್ಷಿ ಹೇಳಿದವನು ನಾನು. ಅದೂ ಸಹಿ ಹಾಕಿ. ಹೊರಗಿನಿಂದ ಬಾಗಿಲು ತಟ್ಟಿ ನೋಡಬೇಕೆಂದು ಅವನು ಮೊದಲ ದಿನವೇ ಹೇಳಿದ್ದ. ಅವನಿಗೆ ಹೊರಗೆ ಹೋಗಲು ಕಾಲಿರಲಿಲ್ಲ. ನನಗೆ ಎರಡು ಕಾಲೂ ಒಂದು ಸ್ಕೂಟರೂ ಇತ್ತು, ನಾನು ಹೋಗಲಿಲ್ಲ.

ಸಾಹೇಬರಿಗೆ ಹೇಳದೆ ಕಲ್ಲಡ್ಕಕ್ಕೆ ಹೊರಟೆ. ಮಧ್ಯಾಹ್ನದವರೆಗೆ ಪ್ರತಿಯೊಂದು ಜೋಡಣೆ ಬಿಚ್ಚಿ ನೋಡಿದೆ. ಏನೂ ಸಿಗಲಿಲ್ಲ. ಆಯಿಶಕ್ಕ ಊಟಕ್ಕೆ ಕರೆದರು, ಬೇಡವೆಂದೆ. ಮೂರು ಗಂಟೆ ಹೊತ್ತಿಗೆ ಮೂಡು ದಿಕ್ಕು ಕಪ್ಪಾಯಿತು. ದೂರದಲ್ಲಿ ಎಲ್ಲೋ ಒಂದು ಗುಡುಗು, ಅದೂ ಹೊಟ್ಟೆ ಗುರುಗುಟ್ಟಿದಷ್ಟೇ.

ಅಡುಗೆಮನೆಯಿಂದ ಆಯಿಶಕ್ಕ ಓಡಿ ಬಂದರು. ಕೈ ಒರೆಸಿಕೊಂಡವರೇ ಮಾಡೆಮಿನ ಪಿನ್ನು, ಫೋನಿನ ವಯರ್, ಎರಡು ಕಂಪ್ಯೂಟರುಗಳ ವಯರ್ ಎಲ್ಲವನ್ನೂ ಸರಸರ ಎಳೆದು, ಹೂ ಕಟ್ಟುವವರ ಹಾಗೆ ಚಂದಕ್ಕೆ ಸುತ್ತಿ ಕುರ್ಚಿಯ ಮೇಲಿಟ್ಟರು.

"ಎಂಥದ್ದು ಆಯಿಶಕ್ಕ ಇದು!"

"ಗುಡುಗು ಅಲ್ವಾ ಶೆಟ್ರೇ? ನೀವೇ ಹೇಳಿದ್ದಲ್ವಾ? ಒಂದು ದಿನವೂ ತಪ್ಪಿಸ್ಲಿಲ್ಲ ನಾನು" ಎಂದರು. ಹೆಮ್ಮೆಯಿಂದಲೇ ಹೇಳಿದರು.

"ಹಂಝ, ಇದನ್ನು ಮೊದ್ಲು ಯಾಕೆ ಹೇಳ್ಲಿಲ್ಲ ಮಾರಾಯ ನೀನು?"

"ಎಂತ ಹೇಳುದು ಸಾರ್? ಎಲ್ಲರ ಮನೆಯಲ್ಲಿ ಮಾಡುದಲ್ವಾ? ಮತ್ತೆ ಸಿಕ್ಕಿಸಿದ್ರೆ ಇಂಟರ್‌ನೆಟ್ ಬರ್ತದೆ."

ಅದೂ ಸರಿ. ನಮ್ಮ ಕಡೆ ಗುಡುಗಿಗೆ ವಯರ್ ಎಳೆಯುವುದು ಹಲ್ಲುಜ್ಜಿದ ಹಾಗೆ. ಯಾರು ಅದನ್ನು ದೂರಿನಲ್ಲಿ ಬರೆಯುತ್ತಾರೆ? ನಮ್ಮ ಮನೆಯಲ್ಲೂ ಎಳೆಯುತ್ತೇವೆ.

ಅರ್ಧ ಗಂಟೆಯಲ್ಲಿ ಗುಡುಗು ನಿಂತಿತು. "ದಿನಾ ಹೇಗೆ ಸಿಕ್ಕಿಸ್ತೀರಿ, ಹಾಗೇ ಸಿಕ್ಕಿಸಿ" ಎಂದೆ. ಅವರು ಮಾಡೆಮ್ ಸಿಕ್ಕಿಸಿದರು, ಹತ್ತಿರವೇ ಇದ್ದ ಮಗಳ ಕಂಪ್ಯೂಟರ್ ಸಿಕ್ಕಿಸಿದರು, ಕೊನೆಗೆ ಒಳಗೆ ಹೋಗುವ ಹಂಝನ ವಯರ್. ದೋಷ ಅಲ್ಲಿತ್ತು. ಮಾಡೆಮ್ ಒಳಗಿನ ಕಂಪ್ಯೂಟರುಗಳಿಗೆ ನಂಬರು ಕೊಡುವುದು ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟ ಹಾಗೆ, ಒಂದನೆಯದು ಮಾಡೆಮಿಗೇ ಮೀಸಲು, ಮೊದಲು ಬಂದವರಿಗೆ ಎರಡು, ಆಮೇಲೆ ಬಂದವರಿಗೆ ಮೂರು. ಹಂಝ ಮಾಡೆಮಿಗೆ ಹೇಳಿಟ್ಟಿದ್ದ, ಹೊರಗಿನಿಂದ ಬಂದವರನ್ನು ಎರಡನೇ ನಂಬರಿನವನ ಹತ್ತಿರ ಕಳಿಸು ಎಂದು. ಮಾಮೂಲಿಗೆ ಅದು ಅವನದೇ ನಂಬರು. ಗುಡುಗು ಬಂದು ಹೋದರೆ ಮಾತ್ರ ಕೆಲವು ಸಲ ಎರಡನೇ ನಂಬರು ತಂಗಿಯ ಕಂಪ್ಯೂಟರಿಗೆ ಸಿಗುತ್ತಿತ್ತು, ಹಂಝನಿಗೆ ಮೂರು. ಮ್ಯಾಥ್ಯೂ ಬಂದು ತಂಗಿಯ ಬಾಗಿಲು ತಟ್ಟಿ ಹಿಂದೆ ಹೋಗುತ್ತಿದ್ದ. ಮನೆಯೊಳಗಿಂದ ನೋಡಿದರೆ ಎಲ್ಲ ಸರಿ.

ಹಂಝನ ಕಂಪ್ಯೂಟರಿಗೆ ಟೋಕನಿನ ಹಂಗಿಲ್ಲದೆ, ಸಾಲಿನಿಂದ ಆಚೆಯದೊಂದು ನಂಬರನ್ನು ಶಾಶ್ವತವಾಗಿ ಬರೆದೆವು. ಮಾಡೆಮಿಗೂ ಅದನ್ನೇ ಹೇಳಿದೆವು. ಐದು ನಿಮಿಷದ ಕೆಲಸ. ಇದಕ್ಕೆ ಮೂರು ಓಕೆ!

"ಈಗ ಸರಿಯಾಯ್ತಾ ಸಾರ್?" ಎಂದ.

ನಾಲಿಗೆಯ ತುದಿಗೆ ಬಂದಿದ್ದ ಪದವನ್ನು ನುಂಗಿದೆ. "ಗೊತ್ತಿಲ್ಲ. ಹೊರಗೆ ಹೋಗಿ ತಟ್ಟಿ ನೋಡ್ತೇನೆ."

ಕಲ್ಲಡ್ಕ ಪೇಟೆಯ ಸೈಬರ್ ಕೆಫೆಗೆ ಹೋದೆ. ಹಂಝನ ವಿಳಾಸ ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಐದು ಮಹಡಿಯ ನಕ್ಷೆಯ ಹೆಸರು ಪರದೆಯಲ್ಲಿ ಬಂತು. ಅಲ್ಲಿಂದಲೇ ಆಯಿಶಕ್ಕನಿಗೆ ಫೋನು ಮಾಡಿ ಒಮ್ಮೆ ಎಲ್ಲ ವಯರ್ ಎಳೆದು ಮತ್ತೆ ಸಿಕ್ಕಿಸಲು ಹೇಳಿದೆ, ಮಗಳದ್ದು ಮೊದಲು. ಕಾದು ಮತ್ತೆ ತಟ್ಟಿದೆ. ಬಂತು. ಬಾಬಣ್ಣನ ಎಲೆಯಡಿಕೆಯ ಬಾಯಿ ನೆನಪಾಗಿ ಕಣ್ಣು ಮಂಜಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ತಟ್ಟಬೇಕಾದವನು ಮ್ಯಾಥ್ಯೂ. ಅವನು ಇನ್ನು ಹಂಝನ ಮಾತು ನಂಬುವವನಲ್ಲ. ಅದೇ ಕೆಫೆಯಲ್ಲಿ ಕೂತು, ನನಗೆ ಬರುವ ಮುರುಕು ಇಂಗ್ಲಿಷಿನಲ್ಲಿ ಅವನಿಗೊಂದು ಮೇಲ್ ಬರೆದೆ. ಮೂರು ಚೀಟಿಗಳಿಗೂ ಸಹಿ ಹಾಕಿದವನು ನಾನು. ಒಂದು ಸಲವೂ ಹೊರಗಿನಿಂದ ಪರೀಕ್ಷೆ ಮಾಡಲಿಲ್ಲ. ಲೈನ್ ಓಕೆ ಇರಲಿಲ್ಲ, ಸುಮ್ಮನೆ ಬರೆದೆ. ಸುಳ್ಳು ಹೇಳಿದ್ದು ನಾನು, ಹಂಝ ಅಲ್ಲ. ದಯವಿಟ್ಟು ಇನ್ನೊಮ್ಮೆ ತಟ್ಟಿ ನೋಡಿ. ಕೆಳಗೆ ನನ್ನ ಹೆಸರು, ಹುದ್ದೆ, ಆಫೀಸಿನ ಫೋನ್ ನಂಬರು.

ಕಳಿಸುವ ಮೊದಲು ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಹೇಳಬಾರದಿತ್ತು.

"ಏನ್ರೀ, ತಲೆ ಕೆಟ್ಟಿದೆಯಾ ನಿಮಗೆ? ಬಾಯಲ್ಲಿ ನೂರು ತಪ್ಪು ಒಪ್ಕೊಳ್ಳಿ, ಬರವಣಿಗೇಲಿ ಒಂದೂ ಬೇಡ! ಇಲಾಖೆ ಮರ್ಯಾದೆ ಏನಾಗುತ್ತೆ?"

"ಇಲಾಖೆದ್ದು ಆಮೇಲೆ ನೋಡುವ ಸಾರ್" ಎಂದು ಫೋನಿಟ್ಟು ಮೇಲ್ ಕಳಿಸಿದೆ.

ಹಂಝನ ಮನೆಗೆ ತಿರುಗಿ ಬಂದೆ. ಅವನ ಪರದೆಯ ಮೂಲೆಯಲ್ಲಿ ಸರ್ವರಿನ ಚಿಕ್ಕ ಕಿಟಕಿ ತೆರೆದಿತ್ತು, ಯಾರಾದರೂ ಹೊರಗಿನಿಂದ ಬಂದರೆ ಅದರಲ್ಲಿ ಒಂದು ಸಾಲು ಮೂಡುತ್ತದೆ. ನಾನು ಕೆಫೆಯಿಂದ ತಟ್ಟಿದ ಎರಡು ಸಾಲು ಮಾತ್ರ ಇತ್ತು. ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಆಯಿಶಕ್ಕ ಚಾ ತಂದಿಟ್ಟರು, ಅದು ಕೆನೆಗಟ್ಟಿತು. ನಾಲ್ಕೂವರೆ ಆಯಿತು. ಐದಾಯಿತು. ಐದು ಗಂಟೆಗೆ ಸಾಹೇಬರು ಬೋರ್ಡಿನಲ್ಲಿ ಸೊನ್ನೆ ಬರೆಯುತ್ತಿರಬಹುದು ಎಂದುಕೊಂಡೆ. ಹಂಝ ಒಮ್ಮೆ "ಇರ್ಲಿ ಸಾರ್, ನೀವು ಹೋಗಿ" ಎಂದ. ನಾನು ಏಳಲಿಲ್ಲ.

ಐದೂಕಾಲಿಗೆ ಮೂರನೇ ಸಾಲು ಮೂಡಿತು. ಬಳಕೆದಾರನ ಹೆಸರು ಮ್ಯಾಥ್ಯೂ. ಅದರ ಕೆಳಗೆ ಫೈಲಿನ ಹೆಸರು, ನಂತರ ನೂರಕ್ಕೆ ಎಷ್ಟು ಹೋಯಿತೆಂಬ ಲೆಕ್ಕ. ಎರಡು, ಮೂರು, ಐದು. ಹಂಝ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆಯಿಶಕ್ಕನಿಗೆ ಪರದೆ ಓದಲು ಬರುತ್ತಿರಲಿಲ್ಲ, ಮಗನನ್ನು ನೋಡಿ ತಿಳಿದುಕೊಂಡರು. ಕೂಡಲೇ ಬಾಗಿಲಿಗೆ ಹೋಗಿ ಆಕಾಶ ನೋಡಿದರು.

"ಈಗ ಗುಡುಗು ಬಂದ್ರೆ ಎಂತ ಮಾಡುದು ಶೆಟ್ರೇ? ಎಳಿಬೇಕಾ, ಬೇಡ್ವಾ?"

"ಎಳೆಯಿರಿ ಆಯಿಶಕ್ಕ. ಆದ್ರೆ ಎಳೆಯುವ ಮೊದ್ಲು ನನಗೊಂದು ಮಾತು ಹೇಳಿ" ಎಂದೆ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

ಕೆಲಸ ಕೊಚ್ಚಿಗೆ ಹೋಗಲಿಲ್ಲ. ಹಂಝ ಇವತ್ತಿಗೂ ಅದೇ ಕೋಣೆಯಲ್ಲಿ ನಕ್ಷೆ ಬಿಡಿಸುತ್ತಾನೆ, ಈಗ ಅವನ ಕೈಕೆಳಗೆ ಇಬ್ಬರಿದ್ದಾರೆ. ನನಗೆ ಸಾಹೇಬರಿಂದ ಒಂದು ಮೆಮೊ ಬಂತು, ಅದರ ಬೆನ್ನಿಗೇ ಬೆಳ್ತಂಗಡಿಗೆ ವರ್ಗ. ಸಾಹೇಬರಿಗೆ ಆ ವರ್ಷ ಸೊನ್ನೆ ಪೆಂಡಿಂಗಿಗಾಗಿ ಪ್ರಶಸ್ತಿ ಬಂತು.

ಈಗ ಆ ಮನೆಯಲ್ಲಿ ತಾಮ್ರದ ವಯರೇ ಇಲ್ಲ. ಗಾಜಿನ ನೂಲಿನ ಹೊಸ ಲೈನು. ಆದರೂ ಪ್ರತಿವರ್ಷ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ನಾನೀಗ ಇರುವ ಬಂಟ್ವಾಳಕ್ಕೆ ಗುಡುಗು ತಲುಪುವ ಮೊದಲೇ ಕಲ್ಲಡ್ಕದಿಂದ ನನಗೆ ಫೋನು ಬರುತ್ತದೆ.

"ಗುಡುಗು ಬಂತು ಶೆಟ್ರೇ, ವಯರ್ ಎಳಿತೇನೆ ಆಯ್ತಾ?"

"ಗಾಜಿನ ನೂಲಿನಲ್ಲಿ ಸಿಡಿಲು ಬರುದಿಲ್ಲ ಆಯಿಶಕ್ಕ. ನಾನು ರಿಟೈರ್ ಆಗಿಯೂ ಆಯ್ತು. ನನಗೆ ಯಾಕೆ ಹೇಳುದು ಇನ್ನು?"

"ಹೇಳುದೇ ಒಳ್ಳೇದು" ಎನ್ನುತ್ತಾರೆ ಆಯಿಶಕ್ಕ. "ಹೇಳದಿದ್ರೆ ನೀವು ಅಲ್ಲಿಂದಲೇ ಓಕೆ ಬರ್ದು ಬಿಡ್ತೀರಿ."